14 ಡಬ್ಬಿ, 14 ಬಣ್ಣ: ಇಷ್ಟದ ಬಾಕ್ಸ್‌ಕಾರ್ ಯಾವುದು?

ಪ್ರಶ್ನೆ: ನಾನು ಎಚ್‌ಒ ಸ್ಕೇಲಿನಲ್ಲಿ (ನಿಜದ 87ರಲ್ಲಿ ಒಂದು ಪಾಲು) ಮಾದರಿ ರೈಲಿನ ಒಂದು ಚಿಕ್ಕ ಲೇಔಟ್ ಕಟ್ಟಿದ್ದೇನೆ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಕವಲು ಮಾರ್ಗ. ಕಾಲ 1953ರ ಅಕ್ಟೋಬರ್, ಸ್ಟೀಮ್ ಎಂಜಿನ್‌ಗಳ ಕಡೆಯ ದಿನಗಳು. ಐದು ವರ್ಷದಲ್ಲಿ 14 ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಗೂಡ್ಸ್ ಡಬ್ಬಿ, ಕೂಡಿಸಿದ್ದೇನೆ. ಒಂದೊಂದೂ ಚೆಂದ. ಆದರೆ ಸಾಲಾಗಿ ಜೋಡಿಸಿ ಓಡಿಸಿದರೆ ಗೂಡ್ಸ್ ಗಾಡಿ ಅನ್ನಿಸುವುದಿಲ್ಲ, ಆಟಿಕೆ ಅಂಗಡಿಯ ಕಪಾಟು ಅನ್ನಿಸುತ್ತದೆ. ಮುಂದಿನ ತಿಂಗಳು ನಮ್ಮ ಗೆಳೆಯರ ಗುಂಪು ಸೇರುತ್ತಿದೆ. ಪ್ರತಿಯೊಬ್ಬರೂ ತಮಗೆ ಅತಿ ಇಷ್ಟವಾದ ಒಂದೇ ಒಂದು ಬಾಕ್ಸ್‌ಕಾರ್ ತಂದು, ಯಾಕೆ ಇಷ್ಟ ಅಂತ ಹೇಳಬೇಕು. ನನ್ನ ಕಣ್ಣು ಮೂರರ ಮೇಲಿದೆ: ಹಳದಿ ರೈಲ್‌ಬಾಕ್ಸ್, ಸಾಂತಾ ಫೆ ರೈಲ್ವೆಯ ನಕ್ಷೆ ಇರುವ ಡಬ್ಬಿ, ದೊಡ್ಡದಾಗಿ 'ಎನ್‌ಎಚ್' ಎಂದು ಬರೆದ ನ್ಯೂ ಹೇವನ್ ಡಬ್ಬಿ. ಬಾಗಿಲಿನ ಬಣ್ಣ ಬೇರೆಯಾಗಿರುವ ಪಿಎಸ್-1 ಎಂಬ ಮಾದರಿಯ ಒಂದು ಕಂದು ಡಬ್ಬಿ ಕೂಡ ಇದೆ. ಅದು ಸೆಕೆಂಡ್ ಹ್ಯಾಂಡ್, ಲೆಕ್ಕಕ್ಕೆ ಇಟ್ಟಿಲ್ಲ. ಯಾವುದನ್ನು ಒಯ್ಯಲಿ? ನನ್ನ ಗಾಡಿಯಲ್ಲಿ ತಪ್ಪಿರುವುದು ಎಲ್ಲಿ?

ಉತ್ತರ: ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಬಗೆಹರಿದರೆ ಮೊದಲನೆಯದು ಸುಲಭ.

ನಿಮ್ಮ ಡಬ್ಬಿಗಳೆಲ್ಲ ಚೆನ್ನಾಗಿಯೇ ಇವೆ. ವಯಸ್ಸು ಮಾತ್ರ ಹೊಂದುತ್ತಿಲ್ಲ. ರೈಲ್‌ಬಾಕ್ಸ್ ಹುಟ್ಟಿದ್ದೇ 1974ರಲ್ಲಿ. ದೇಶದಲ್ಲಿ ಬಾಕ್ಸ್‌ಕಾರ್ ಸಾಲುತ್ತಿಲ್ಲ ಅಂತ ಟ್ರೈಲರ್ ಟ್ರೈನ್ ಕಂಪನಿ ಎಲ್ಲರಿಗೂ ಸೇರಿಸಿ ಕಟ್ಟಿದ ಪಡೆ ಅದು. ಯಾವ ರೈಲ್ವೆ ಬೇಕಾದರೂ ತುಂಬಿ ಯಾವ ದಿಕ್ಕಿಗೆ ಬೇಕಾದರೂ ಕಳಿಸಬಹುದಿತ್ತು. ಅಷ್ಟು ಹೊತ್ತಿಗೆ ನಿಮ್ಮ ಸ್ಟೀಮ್ ಎಂಜಿನ್ ಗುಜರಿಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ನ್ಯೂ ಹೇವನ್‌ನ ದೊಡ್ಡ ಅಕ್ಷರಗಳದ್ದೂ ಸ್ವಲ್ಪ ಅದೇ ಕಥೆ. ಪ್ಯಾಟ್ರಿಕ್ ಮೆಕ್‌ಗಿನಿಸ್ ಆ ರೈಲ್ವೆಯ ಅಧ್ಯಕ್ಷನಾಗಿದ್ದು 1954ರಲ್ಲಿ. ಸ್ವಿಸ್ ಮೂಲದ ವಿನ್ಯಾಸಕಾರ ಹರ್ಬರ್ಟ್ ಮ್ಯಾಟರ್ ಆ 'ಎನ್' ಮತ್ತು 'ಎಚ್' ಬರೆದದ್ದು ಅದರ ನಂತರ. ನಿಮ್ಮ ಅಕ್ಟೋಬರ್ ತಿಂಗಳಿಗೆ ಅದು ಇನ್ನೂ ಹುಟ್ಟಿರಲಿಲ್ಲ. ಮೂರರಲ್ಲಿ ಸಾಂತಾ ಫೆ ಒಂದೇ ಸರಿಯಾದ ಕಾಲದ್ದು.

ಇದನ್ನೆಲ್ಲ ಕಣ್ಣು ಹೇಗೆ ಹಿಡಿಯುತ್ತದೆ ಅಂತೀರಾ? ನಿಮಗೆ ಇಸವಿ ಗೊತ್ತಿಲ್ಲದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ. ಹಳದಿ ಡಬ್ಬಿಯ ಛಾವಣಿ ನೋಡಿ, ಬೋಳು. ಪಕ್ಕದ ಡಬ್ಬಿಯ ಛಾವಣಿಯ ನಡುವೆ ಉದ್ದಕ್ಕೂ ಒಂದು ಹಲಗೆ ಇದೆ, ಅಲ್ವಾ? ಅದರ ಹೆಸರು ರನ್ನಿಂಗ್ ಬೋರ್ಡ್. ಬ್ರೇಕ್‌ಮನ್ ಓಡುವ ಗಾಡಿಯ ಮೇಲೆ ಡಬ್ಬಿಯಿಂದ ಡಬ್ಬಿಗೆ ನಡೆದು ಹೋಗುತ್ತಿದ್ದ ದಾರಿ. ಮಳೆಯಲ್ಲೂ ಹಿಮದಲ್ಲೂ. ಅದಕ್ಕೇ ಕೈಬ್ರೇಕಿನ ಚಕ್ರ ಡಬ್ಬಿಯ ತುದಿಯಲ್ಲಿ ಅಷ್ಟು ಎತ್ತರಕ್ಕೆ ಇರುತ್ತಿತ್ತು, ಏಣಿ ಛಾವಣಿಯ ತನಕ ಏರುತ್ತಿತ್ತು. 1966ರಿಂದ ಹೊಸ ಡಬ್ಬಿಗಳಿಗೆ ಆ ಹಲಗೆ ಹಾಕುವುದು ನಿಂತಿತು. ಏಣಿ ಗಿಡ್ಡವಾಯಿತು, ಬ್ರೇಕ್ ಚಕ್ರ ಕೆಳಗೆ ಇಳಿಯಿತು. ಹಾಗಾಗಿ ನನ್ನ ಮೊದಲ ಸಲಹೆ: 14 ಡಬ್ಬಿಯನ್ನೂ ಸಾಲಾಗಿ ಇಟ್ಟು ಮೇಲಿಂದ ನೋಡಿ. ಹಲಗೆ ಇಲ್ಲದ್ದು ಯಾವುದಿದ್ದರೂ 1953ರ ಗಾಡಿಯಿಂದ ಹೊರಗೆ. ಮಾರಬೇಡಿ, ಬೇರೆ ಪೆಟ್ಟಿಗೆಯಲ್ಲಿ ಇಡಿ. ಎಂದಾದರೂ ಡೀಸೆಲ್ ಕಾಲಕ್ಕೆ ಹೋದರೆ ಬೇಕಾಗುತ್ತದೆ.

ಎರಡನೇ ತಪಾಸಣೆಗೆ ಭೂತಗನ್ನಡಿ ಬೇಕು. ಡಬ್ಬಿಯ ಪಕ್ಕದಲ್ಲಿ ಸಣ್ಣಕ್ಷರಗಳ ಒಂದು ಸಾಲು ಇರುತ್ತದೆ. ನಾನಂತೂ ಯಾವ ಬಾಕ್ಸ್‌ಕಾರ್ ಕೈಗೆ ಬಂದರೂ ಮೊದಲು ನೋಡುವುದು ಅದನ್ನೇ. 'ಬಿಎಲ್‌ಟಿ' ಅಂತ ಬರೆದು ಪಕ್ಕದಲ್ಲಿ ಎರಡು ಅಂಕಿ ಇದ್ದರೆ ಅದು ಕಟ್ಟಿದ ತಿಂಗಳು ಮತ್ತು ವರ್ಷ. 5-48 ಅಂದರೆ 1948ರ ಮೇ. ಇನ್ನೊಂದು ಕಡೆ ಖಾಲಿ ಡಬ್ಬಿಯ ತೂಕ, ಹೊರಬಲ್ಲ ಭಾರ. ಆ ತೂಕದ ಪಕ್ಕದಲ್ಲಿ 'ನ್ಯೂ' ಎಂದಿದ್ದರೆ ಕಾರ್ಖಾನೆಯಿಂದ ಬಂದ ಮೇಲೆ ಮತ್ತೆ ತೂಗಿಲ್ಲ ಎಂದರ್ಥ. ಕೆಲವು ವರ್ಷಕ್ಕೊಮ್ಮೆ ಡಬ್ಬಿಯನ್ನು ಮತ್ತೆ ತೂಗಿ, ಹಳೆಯ ಅಂಕಿಯ ಮೇಲೆ ಬಣ್ಣ ಬಳಿದು, ತೂಗಿದ ಜಾಗದ ಸಂಕೇತ ಮತ್ತು ಹೊಸ ತಾರೀಖು ಬರೆಯುತ್ತಿದ್ದರು. ಆ ಪುಟ್ಟ ಚೌಕ ಸುತ್ತಲಿನ ಬಣ್ಣಕ್ಕಿಂತ ಹೊಸದಾಗಿ ಕಾಣುತ್ತಿತ್ತು. 1937ರಲ್ಲಿ ಕಟ್ಟಿದ ಡಬ್ಬಿಯ ಮೇಲೆ 'ನ್ಯೂ 37' ಅಂತಲೇ ಇದ್ದು ಅದು 1953ರಲ್ಲಿ ಓಡುತ್ತಿದ್ದರೆ ಲೆಕ್ಕ ತಪ್ಪಿದಂತೆ. ಸಣ್ಣ ಡೆಕಾಲ್ (ಅಂಟಿಸುವ ಅಕ್ಷರದ ಚೀಟಿ) ಒಂದು ಸಾಕು ಸರಿಮಾಡಲು.

ಇದೇ ಥರದ ಇನ್ನೂ ಕೆಲವು ಗುರುತುಗಳಿವೆ, ನಿಮ್ಮ ಕಾಲಕ್ಕೆ ಬರಬಾರದವು. ಬಣ್ಣಬಣ್ಣದ ಅಡ್ಡಪಟ್ಟಿಗಳ ಒಂದು ಪುಟ್ಟ ಫಲಕ ಇದ್ದರೆ ಅದು ಕಾರ್‌ಟ್ರ್ಯಾಕ್, ಯಂತ್ರ ಓದಲಿ ಅಂತ 1960ರ ದಶಕದ ಕೊನೆಯಲ್ಲಿ ಅಂಟಿಸಿದ್ದು. ಕೊಳೆ ಮೆತ್ತಿಕೊಂಡರೆ ಯಂತ್ರಕ್ಕೆ ಓದಲು ಆಗುತ್ತಿರಲಿಲ್ಲ. ಹತ್ತೇ ವರ್ಷದಲ್ಲಿ ಕೈಬಿಟ್ಟರು. ಕಪ್ಪು ಚೌಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದು 1978ರ ಚಕ್ರ ತಪಾಸಣೆಯ ಗುರುತು. ಮಾದರಿ ತಯಾರಿಸುವವರು ಇವನ್ನೆಲ್ಲ ಚೆನ್ನಾಗಿ ಮುದ್ರಿಸುತ್ತಾರೆ. ನಾವು ನೋಡದೆ ಕೊಳ್ಳುತ್ತೇವೆ.

ಈಗ ಡಬ್ಬಿಯ ಮೈಗೆ ಬರೋಣ. ಮಜಾ ಇರುವುದು ಇಲ್ಲಿ.

ಬಾಕ್ಸ್‌ಕಾರ್ ಅಂದರೆ ಜಾರುವ ಬಾಗಿಲಿನ ಒಂದು ಪೆಟ್ಟಿಗೆ, ಅಷ್ಟೇ. ಹಾಗಂತ ಎಲ್ಲ ಒಂದೇ ಅನ್ನುವವರು ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿಲ್ಲ. 1953ರ ಗಾಡಿಯಲ್ಲಿ ಮೂರು ತಲೆಮಾರು ಒಟ್ಟಿಗೆ ಓಡುತ್ತಿದ್ದವು. ಅಜ್ಜನ ತಲೆಮಾರು ಮರದ್ದು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸರ್ಕಾರ ರೈಲ್ವೆಗಳನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಯುಎಸ್‌ಆರ್‌ಎ ಎಂಬ ಆಡಳಿತ 1918ರಲ್ಲಿ ಎರಡು ಮಾದರಿ ಗೊತ್ತುಮಾಡಿ ಹತ್ತಿರ ಹತ್ತಿರ 50 ಸಾವಿರ ಬಾಕ್ಸ್‌ಕಾರ್ ಕಟ್ಟಿಸಿತು. ಒಂದಕ್ಕೆ ಒಳಗೂ ಹೊರಗೂ ಹಲಗೆ, ಚೌಕಟ್ಟಿನ ಕಂಬ ನಡುವೆ ಅಡಗಿರುತ್ತದೆ. ಇನ್ನೊಂದಕ್ಕೆ ಒಳಗೆ ಮಾತ್ರ ಹಲಗೆ. ಉಕ್ಕಿನ ಕಂಬ, ಓರೆ ಪಟ್ಟಿ ಎಲ್ಲ ಹೊರಗೇ ಕಾಣುತ್ತವೆ, ಪಕ್ಕೆಲುಬು ಎಣಿಸಬಹುದಾದ ಬಡಕಲು ಕುದುರೆಯ ಹಾಗೆ. ನನಗೆ ಈ ಎರಡನೆಯದರ ಮೇಲೆ ಮೊದಲಿನಿಂದಲೂ ಒಂದು ಪ್ರೀತಿ. ಭಾರವನ್ನು ಯಾವ ಪಟ್ಟಿ ಹೊತ್ತಿದೆ, ಯಾವುದು ಎಳೆಯುತ್ತಿದೆ ಅಂತ ಹೊರಗಿನಿಂದಲೇ ಹೇಳಬಹುದು. ಹಲಗೆ ಒಣಗಿ ಸಂದು ಬಿಟ್ಟಿರುವುದನ್ನು ಬಣ್ಣದಲ್ಲಿ ತೋರಿಸಲು ಒಂದು ಇಡೀ ಭಾನುವಾರ ಹೋಗುತ್ತದೆ. ಹೋದರೂ ಬೇಜಾರಾಗುವುದಿಲ್ಲ.

ಅಪ್ಪನ ತಲೆಮಾರು ಉಕ್ಕಿನದು, ಕುಳ್ಳು. ಪೆನ್ಸಿಲ್ವೇನಿಯಾ ರೈಲ್ರೋಡ್‌ನ ಎಕ್ಸ್29 ಅದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 1924ರಿಂದ ಸುಮಾರು ಹತ್ತು ವರ್ಷ ಕಟ್ಟಿದರು, ಒಟ್ಟು 30 ಸಾವಿರದ ಹತ್ತಿರ. ಒಳಗಿನ ಎತ್ತರ 8 ಅಡಿ 7 ಇಂಚು. ಅದರ ಪಕ್ಕ ಯುದ್ಧಾನಂತರದ 10 ಅಡಿ 6 ಇಂಚಿನ ಡಬ್ಬಿ ನಿಲ್ಲಿಸಿದರೆ ಎಚ್‌ಒನಲ್ಲಿ 6 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ. ಕೇಳಲು ಏನೂ ಅಲ್ಲ. ಆದರೆ ಗಾಡಿಯ ತಲೆಯ ಗೆರೆ ಅಲ್ಲಿ ತಗ್ಗಿ ಏಳುತ್ತದೆ. ಹಳೆಯ ಫೋಟೋಗಳಲ್ಲಿ ಗೂಡ್ಸ್ ಗಾಡಿಯ ಛಾವಣಿಗಳು ಎಂದೂ ಒಂದೇ ಮಟ್ಟದಲ್ಲಿರುವುದಿಲ್ಲ. ನಿಮ್ಮ 14 ಡಬ್ಬಿಯೂ ಒಂದೇ ಎತ್ತರ ಅಂತ ನನ್ನ ಊಹೆ. ಆಟಿಕೆ ಅನ್ನಿಸಲು ಬಣ್ಣಕ್ಕಿಂತ ಇದೇ ದೊಡ್ಡ ಕಾರಣ ಇರಬಹುದು. ಎರಡು ಎಕ್ಸ್29 ಸೇರಿಸಿ ನೋಡಿ.

ಮಗನ ತಲೆಮಾರು ಶುರುವಾಗುವುದು ಅಮೆರಿಕದ ರೈಲ್ವೆಗಳ ಸಂಘ ಎಎಆರ್ ಗೊತ್ತುಮಾಡಿದ 1937ರ ಮಾದರಿಯಿಂದ. ಒಳಗೆ 10 ಅಡಿ ಎತ್ತರ, 40 ಅಡಿ ಉದ್ದ. ಹತ್ತಾರು ರೈಲ್ವೆಗಳು ಇದನ್ನೇ ಸ್ವಲ್ಪ ಸ್ವಲ್ಪ ಬದಲಿಸಿ ಕಟ್ಟಿದವು. ಒಬ್ಬರು ಯಂಗ್ಸ್‌ಟೌನ್ ಬಾಗಿಲು ಹಾಕಿದರು, ಅದರ ಮೇಲೆ ಅಡ್ಡಕ್ಕೆ ಸಾಲುಸಾಲು ಮಡಿಕೆ. ಇನ್ನೊಬ್ಬರು ಸುಪೀರಿಯರ್ ಬಾಗಿಲು ಹಾಕಿದರು, ಅದು ದೊಡ್ಡ ಚಪ್ಪಟೆ ಅಂಕಣಗಳದ್ದು. ತುದಿಗೋಡೆಗೆ ಡ್ರೆಡ್‌ನಾಟ್ ಎಂಬ ಉಬ್ಬು ತಗಡು. ಸರಕು ಜಾರಿ ಬಂದು ಗುದ್ದಿದರೆ ತಡೆಯಲಿ ಅಂತ ಆ ಉಬ್ಬು. ಎರಡನೇ ಮಹಾಯುದ್ಧದಲ್ಲಿ ಉಕ್ಕು ಸಾಲದೆ ಬಂದಾಗ ಕೆಲವರು ಮತ್ತೆ ಮರಕ್ಕೆ ಹೋದರು. ಗ್ರೇಟ್ ನಾರ್ದರ್ನ್ ಪ್ಲೈವುಡ್ ಗೋಡೆಯ ಡಬ್ಬಿಗಳನ್ನೂ ಕಟ್ಟಿತು. ಆಮೇಲೆ 1947ರಲ್ಲಿ ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿಯ ಪಿಎಸ್-1 ಬಂತು. ಅಲ್ಲಿಯ ತನಕ ರೈಲ್ವೆಗಳು ಹೇಳಿದಂತೆ ಕಂಪನಿಗಳು ಕಟ್ಟುತ್ತಿದ್ದವು. ಪುಲ್‌ಮನ್ ಅದನ್ನು ತಿರುವಿ ಹಾಕಿತು: ಇದು ನಮ್ಮ ಡಬ್ಬಿ, ಬಾಗಿಲು ಮತ್ತು ಬಣ್ಣ ನೀವು ಹೇಳಿ, ಉಳಿದದ್ದು ನಮಗೆ ಬಿಡಿ. ಇಂಡಿಯಾನಾದ ಮಿಷಿಗನ್ ಸಿಟಿ ಮತ್ತು ಅಲಬಾಮಾದ ಬೆಸೆಮರ್ ಕಾರ್ಖಾನೆಗಳಿಂದ ಲಕ್ಷಕ್ಕೂ ಹೆಚ್ಚು ಪಿಎಸ್-1 ಹೊರಬಂದವು. ಗುರುತು ಹಿಡಿಯುವುದು ಸುಲಭ. ಛಾವಣಿಯ ಪ್ರತಿ ಅಂಕಣದಲ್ಲಿ ಬೋ ಟೈ ಆಕಾರದ ಉಬ್ಬು ಇರುತ್ತದೆ.

ಗುಂಪಿಗೆ ಸೇರದ ಕೆಲವು ಹಠಮಾರಿಗಳೂ ಇದ್ದವು. ಇಷ್ಟದ ಬಾಕ್ಸ್‌ಕಾರ್ ತನ್ನಿ ಅಂದಾಗ ಮೇಜಿನ ಮೇಲೆ ಬರುವವು ಹೆಚ್ಚಾಗಿ ಇವೇ. ಮಿಲ್ವಾಕೀ ರೋಡ್ ತನ್ನ ಸ್ವಂತ ವರ್ಕ್‌ಶಾಪಿನಲ್ಲಿ 1930ರ ದಶಕದ ಕೊನೆಯಿಂದ ವೆಲ್ಡ್ ಮಾಡಿ ಕಟ್ಟಿದ ಡಬ್ಬಿಗಳ ಪಕ್ಕದಲ್ಲಿ ರಿವೆಟ್ ಸಾಲುಗಳ ಬದಲು ಅಡ್ಡಕ್ಕೆ ಉದ್ದುದ್ದ ಪಕ್ಕೆಗಳು. ಬಾಲ್ಟಿಮೋರ್ ಅಂಡ್ ಓಹಾಯೋದ ಎಂ-53, ವ್ಯಾಗನ್‌ಟಾಪ್ ಅಂತ ಕರೆಯುತ್ತಾರೆ, ಇನ್ನೂ ವಿಚಿತ್ರ. ಅದರ ಗೋಡೆಯೇ ಬಾಗಿ ಛಾವಣಿಯಾಗುತ್ತದೆ. ಮಳೆ ನೀರು ಸೋರುವ ಸೂರಂಚೇ ಇಲ್ಲ. ನಿಮ್ಮ ಮಾರ್ಗ ಮಿಡ್‌ವೆಸ್ಟ್‌ನದು ಅಂದಿರಿ. ಮಿಲ್ವಾಕೀಯ ಒಂದು ಡಬ್ಬಿ ಇಲ್ಲದಿದ್ದರೆ ನಿಜಕ್ಕೂ ಕೊರತೆಯೇ.

'ನಮ್ಮ ಮಾರ್ಗ ಅಲ್ಲೆಲ್ಲೋ ಇದೆ, ಪೆನ್ಸಿಲ್ವೇನಿಯಾದ ಡಬ್ಬಿ ಅಲ್ಲಿ ಯಾಕೆ ಬರುತ್ತದೆ?' ಅಂತ ನೀವು ಕೇಳಬಹುದು. ಬರುತ್ತದೆ. ಬಾಕ್ಸ್‌ಕಾರ್ ಮನೆ ಬಿಟ್ಟು ತಿರುಗುವ ಜಾತಿ. ಸರಕು ತುಂಬಿದ ಡಬ್ಬಿ ಒಂದು ರೈಲ್ವೆಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಕೊನೆಯ ತನಕ ಹೋಗುತ್ತಿತ್ತು. ಬೇರೆಯವರ ಹಳಿಯ ಮೇಲೆ ಇದ್ದ ದಿನಕ್ಕೆ ಇಷ್ಟು ಅಂತ ಮಾಲೀಕ ರೈಲ್ವೆಗೆ ಬಾಡಿಗೆ. ಖಾಲಿಯಾದ ಮೇಲೆ ಮನೆಯ ದಿಕ್ಕಿಗೆ ಸರಕು ಸಿಕ್ಕರೆ ತುಂಬಿಸಿ ಕಳಿಸಬೇಕು, ಅದು ನಿಯಮ. ನಡೆಯುತ್ತಿದ್ದದ್ದು ಕೈಗೆ ಸಿಕ್ಕಿದ್ದನ್ನು ತುಂಬಿ ಎತ್ತಲೋ ಕಳಿಸುವುದು. ಕಲ್ಲಿದ್ದಲಿನ ಹಾಪರ್‌ಗಳು (ತಳದಿಂದ ಸರಕು ಸುರಿಸುವ ಡಬ್ಬಿಗಳು) ಹಾಗಲ್ಲ, ಗಣಿಗೂ ಕಾರ್ಖಾನೆಗೂ ನಡುವೆಯೇ ಓಡಾಡುತ್ತವೆ. ಹಾಗಾಗಿ 1953ರ ಒಂದು ಸಾಧಾರಣ ಗಾಡಿಯಲ್ಲಿ ದೇಶದ ಮೂಲೆಮೂಲೆಯ ಬಾಕ್ಸ್‌ಕಾರ್ ಸಿಗುತ್ತಿದ್ದವು. ದೊಡ್ಡ ಪಡೆ ಯಾರದ್ದೋ ಅವರದ್ದು ಜಾಸ್ತಿ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೆಂಟ್ರಲ್ ಇಬ್ಬರದ್ದೂ ಪ್ರತಿ ಗಾಡಿಯಲ್ಲಿ ಇರಲೇಬೇಕು ಅಂತ ನಾನು ಹಠ ಹಿಡಿಯುತ್ತೇನೆ.

ನೀವು ಅಕ್ಟೋಬರ್ ಆರಿಸಿದ್ದು ನನಗೆ ಖುಷಿಯಾಯಿತು. ಸುಗ್ಗಿಯ ಕಾಲ. ಆಗ ಧಾನ್ಯ ಸಾಗುತ್ತಿದ್ದದ್ದು ಇವೇ 40 ಅಡಿ ಬಾಕ್ಸ್‌ಕಾರ್‌ಗಳಲ್ಲಿ. ಧಾನ್ಯಕ್ಕೆಂದೇ ದೊಡ್ಡ ಮುಚ್ಚಿದ ಹಾಪರ್‌ಗಳು ಬಂದು ಕೆಲಸ ಕಿತ್ತುಕೊಂಡದ್ದು 1960ರ ದಶಕದಲ್ಲಿ. ಅಲ್ಲಿಯ ತನಕ ಬಾಗಿಲಿನ ಒಳಗಡೆ ಹಲಗೆಗಳ ತಡೆ ಹೊಡೆದು, ಅದರ ಮೇಲಿನ ಸಂದಿಯಿಂದ ಗೋಧಿ ಸುರಿಯುತ್ತಿದ್ದರು. ತಡೆ ಸರಿಯಾಗಿ ಕೂರದಿದ್ದರೆ ದಾರಿಯುದ್ದಕ್ಕೂ ಕಾಳು. ನಿಮ್ಮ ಎಲಿವೇಟರ್ (ಧಾನ್ಯದ ಎತ್ತರದ ಗೋದಾಮು) ಪಕ್ಕದ ಹಳಿಯಲ್ಲಿ ಒಂದು ಡಬ್ಬಿಯ ಬಾಗಿಲು ತೆರೆದಿಟ್ಟು, ಒಳಗೆ ಬೆಂಕಿಕಡ್ಡಿಯ ಸಿಪ್ಪೆಯಷ್ಟು ತೆಳು ಹಲಗೆ ಅಂಟಿಸಿ. ಹಳಿಯ ಪಕ್ಕ ಚಿಟಿಕೆ ಹಳದಿ ಪುಡಿ ಉದುರಿಸಿ. ಇಷ್ಟು ಮಾಡಿದರೆ ಯಾರೂ ನಿಮ್ಮನ್ನು ಇದು ಯಾವ ಕಾಲ ಅಂತ ಕೇಳುವುದಿಲ್ಲ.

ಇನ್ನು ಬಣ್ಣ. 'ಬಾಕ್ಸ್‌ಕಾರ್ ರೆಡ್' ಅಂತ ಒಂದು ಬಣ್ಣ ಇದೆ ಎಂದು ನಾನೂ ಎಷ್ಟೋ ಕಾಲ ನಂಬಿದ್ದೆ. ಇಲ್ಲ. ಐರನ್ ಆಕ್ಸೈಡ್, ಅಂದರೆ ತುಕ್ಕಿನದೇ ನೆಂಟ, ಅಗ್ಗದ ಬಣ್ಣದ ಪುಡಿ. ಪ್ರತಿ ರೈಲ್ವೆಯೂ ಅದನ್ನು ತನ್ನ ರೀತಿಯಲ್ಲಿ ಕಲಸುತ್ತಿತ್ತು. ಒಂದು ಇಟ್ಟಿಗೆಯ ಕಡೆ ವಾಲುತ್ತದೆ, ಒಂದು ಕಿತ್ತಳೆಯ ಕಡೆ, ಒಂದು ನೇರಳೆ ಮಿಶ್ರಿತ ಕಂದು. ಅದರ ಮೇಲೆ ಹತ್ತು ವರ್ಷದ ಬಿಸಿಲು, ಎಂಜಿನ್ ಹೊಗೆ. ಎಂಟು ಕಂದು ಡಬ್ಬಿ ಸಾಲಾಗಿ ಇಟ್ಟರೆ ಎಂಟು ಬೇರೆ ಬೇರೆ ಕಂದು ಕಾಣಬೇಕು. ಅದು ಕಂಡ ದಿನ ನಿಮ್ಮ ಗಾಡಿ ಆಟಿಕೆ ಅನ್ನಿಸುವುದು ನಿಲ್ಲುತ್ತದೆ. ನನ್ನ ಸ್ವಂತ ಲೆಕ್ಕ ಹತ್ತಕ್ಕೆ ಎಂಟು ಕಂದು. ಉಳಿದ ಎರಡರಲ್ಲಿ ನಿಮ್ಮ ಆಸೆ ತೀರಿಸಿಕೊಳ್ಳಿ.

ಆಸೆ ತೀರಿಸಿಕೊಳ್ಳಲು 1953ರಲ್ಲಿ ಬೇಕಾದಷ್ಟಿದೆ. ನ್ಯೂಯಾರ್ಕ್ ಸೆಂಟ್ರಲ್‌ನ ಪೇಸ್‌ಮೇಕರ್ ಡಬ್ಬಿ 1946ರದ್ದು, ಮೇಲೆ ಕೆಂಪು, ಕೆಳಗೆ ಬೂದಿ. ಸದರ್ನ್ ಪೆಸಿಫಿಕ್‌ನ ಓವರ್‌ನೈಟ್ ಡಬ್ಬಿಗಳು ಕಪ್ಪು. ಲಾಸ್ ಏಂಜಲೀಸ್‌ಗೂ ಸ್ಯಾನ್ ಫ್ರಾನ್ಸಿಸ್ಕೋಗೂ ರಾತ್ರೋರಾತ್ರಿ ಸರಕು ಮುಟ್ಟಿಸಲು ಇದ್ದವು, ಹಾಗಾಗಿ ನಿಮ್ಮ ಕವಲು ಮಾರ್ಗಕ್ಕೆ ಬರುವುದು ಕಷ್ಟ. ಸೆಂಟ್ರಲ್ ಆಫ್ ಜಾರ್ಜಿಯಾದ ಕಪ್ಪು ಡಬ್ಬಿಯ ಮೈಮೇಲೆ ಬೆಳ್ಳಿ ಬಣ್ಣದ ದೊಡ್ಡ ಮೊಟ್ಟೆಯಾಕಾರ, ಹವ್ಯಾಸಿಗಳು ಅದನ್ನು ಫುಟ್‌ಬಾಲ್ ಅನ್ನುತ್ತಾರೆ. ಬ್ಯಾಂಗರ್ ಅಂಡ್ ಅರೂಸ್ಟುಕ್‌ನ 'ಸ್ಟೇಟ್ ಆಫ್ ಮೇನ್' ಡಬ್ಬಿ ಕೆಂಪು-ಬಿಳಿ-ನೀಲಿ ಪಟ್ಟಿಯದು, ಆಲೂಗಡ್ಡೆ ಸಾಗಿಸುತ್ತಿತ್ತು. ಅದು ತುಂಬಾ ಜನಪ್ರಿಯ, ಎಲ್ಲರ ಹತ್ತಿರವೂ ಇರುತ್ತದೆ. ಒಂದಿದ್ದರೆ ಚೆಂದ, ಮೂರಿದ್ದರೆ ಜಾತ್ರೆ. ನನ್ನ ಆಯ್ಕೆ ಕೇಳಿದರೆ ನಾರ್ದರ್ನ್ ಪೆಸಿಫಿಕ್. ಡಬ್ಬಿ ಸಾದಾ ಕಂದು, ಆದರೆ ಮೇಲೆ ಕೆಂಪು-ಕಪ್ಪು ಯಿನ್-ಯಾಂಗ್ ಚಿಹ್ನೆ. 1893ರ ಷಿಕಾಗೋ ವಿಶ್ವ ಮೇಳದಲ್ಲಿ ಆ ರೈಲ್ವೆಯ ಮುಖ್ಯ ಎಂಜಿನಿಯರ್ ಎಡ್ವಿನ್ ಮೆಕ್‌ಹೆನ್ರಿ ಕೊರಿಯಾದ ಬಾವುಟ ನೋಡಿ ಅದನ್ನು ತಂದ. ಕೊರಿಯಾದ ಬಾವುಟ ಮೊಂಟಾನಾದ ಗೋಧಿ ಡಬ್ಬಿಯ ಮೇಲೆ! ಇಂಥದ್ದು ಸಿಕ್ಕಾಗ ಬೇರೆ ಬಣ್ಣ ಯಾಕೆ ಬೇಕು ಅನ್ನಿಸುತ್ತದೆ.

ನಿಮ್ಮ ಸಾಂತಾ ಫೆ ಡಬ್ಬಿಯೂ ಈ ಜಾತಿಯದೇ. 1940ರಿಂದ ಏಳೆಂಟು ವರ್ಷ ಅವರು ಒಂದು ಪಕ್ಕದಲ್ಲಿ ತಮ್ಮ ಹಳಿಗಳ ನಕ್ಷೆ, ಇನ್ನೊಂದು ಪಕ್ಕದಲ್ಲಿ ತಮ್ಮ ಪ್ಯಾಸೆಂಜರ್ ಗಾಡಿಗಳ ಹೆಸರು ಬರೆಯುತ್ತಿದ್ದರು: ಸೂಪರ್ ಚೀಫ್, ಎಲ್ ಕ್ಯಾಪಿಟನ್, ಸ್ಕೌಟ್. ಗೂಡ್ಸ್ ಡಬ್ಬಿಯೇ ಪ್ರಯಾಣಿಕರಿಗೆ ಜಾಹೀರಾತು. 1953ರ ಹೊತ್ತಿಗೆ ಆ ಬಿಳಿ ಗೆರೆಗಳು ಮಾಸಿರಬೇಕು. ನಿಮ್ಮದು ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹಾಗಿದ್ದರೆ ಬಣ್ಣ ಹಿಡಿದು ಕೂರಲೇಬೇಕು.

ಕೊಳೆ ಮಾಡುವ ವಿಷಯಕ್ಕೆ ಒಂದು ಎಚ್ಚರಿಕೆ. ನಾನು ಮೊದಲು ಕೈಹಾಕಿದ್ದು ಒಂದು ಎಕ್ಸ್29ಕ್ಕೆ. ಉತ್ಸಾಹದಲ್ಲಿ ತುಕ್ಕು ಎಷ್ಟು ಬಳಿದೆ ಅಂದರೆ ಅದು ಹಳಿಯ ಮೇಲಿನ ಡಬ್ಬಿಯಂತೆ ಕಾಣದೆ ಕೆರೆಯಿಂದ ಎತ್ತಿದ ಹಾಗೆ ಕಾಣುತ್ತಿತ್ತು. ಓಡುವ ಡಬ್ಬಿಯ ಪಕ್ಕದಲ್ಲಿ ತುಕ್ಕು ಕಡಿಮೆ, ಧೂಳು ಜಾಸ್ತಿ. ಮೊದಲು ಬಿಳಿ ಅಥವಾ ತಿಳಿ ಬೂದಿ ಅಕ್ರಿಲಿಕ್ ಬಣ್ಣವನ್ನು ಹಾಲಿಗಿಂತ ನೀರಾಗಿ ಕಲಸಿ, ಮೇಲಿಂದ ಕೆಳಕ್ಕೆ ಒಂದೇ ಎಳೆತ. ಅಕ್ಷರ ಮತ್ತು ಬಣ್ಣ ಎರಡೂ ಒಟ್ಟಿಗೆ ಮಂಕಾಗುತ್ತವೆ. ಒಣಗಿದ ಮೇಲೆ ಕಪ್ಪುಕಂದು ನೀರು, ರಿವೆಟ್ ಮತ್ತು ಬಾಗಿಲಿನ ಸಂದಿಗೆ ಮಾತ್ರ. ಛಾವಣಿಯನ್ನು ಮರೆಯಬೇಡಿ, ಲೇಔಟ್ ಮೇಲೆ ನಮಗೆ ಜಾಸ್ತಿ ಕಾಣುವುದು ಅದೇ. ಸತು ಲೇಪಿಸಿದ ತಗಡಿನ ಛಾವಣಿಯಲ್ಲಿ ಬಣ್ಣ ನಿಲ್ಲುತ್ತಿರಲಿಲ್ಲ, ಅಂಕಣ ಅಂಕಣವಾಗಿ ಸಿಪ್ಪೆ ಏಳುತ್ತಿತ್ತು. ಒಂದೆರಡು ಅಂಕಣಕ್ಕೆ ಸ್ಪಂಜಿನ ಚೂರಿನಲ್ಲಿ ತಗಡಿನ ಬೂದಿ ಒತ್ತಿ ನೋಡಿ. ತುದಿಗೋಡೆಯಲ್ಲಿ ಚಕ್ರ ಎರಚಿದ ಕೆಸರಿನ ಎರಡು ಪಟ್ಟಿ. ಕೆಳಗೆ ಟ್ರಕ್‌ಗಳಿಗೆ (ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಮಾಸಲು ಕಂದು-ಬೂದಿ, ಆಕ್ಸಲ್ ಪೆಟ್ಟಿಗೆಯ ಮುಚ್ಚಳದ ಸುತ್ತ ಎಣ್ಣೆಯ ಕಪ್ಪು. ಆ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಅದ್ದಿದ ನೂಲಿನ ಚಿಂದಿ ತುರುಕಿರುತ್ತಿದ್ದರು, ಸೋರದೆ ಇರುತ್ತಿರಲಿಲ್ಲ. ಎಲ್ಲದಕ್ಕೂ ಕೊನೆಗೆ ಮ್ಯಾಟ್ ವಾರ್ನಿಷ್.

ಎಷ್ಟು ಖರ್ಚು ಮಾಡಬೇಕು ಎಂಬುದು ನಿಮಗೆ ಬಿಟ್ಟದ್ದು, ಆದರೆ ಏಣಿಯ ಲೆಕ್ಕ ಹೇಳುತ್ತೇನೆ. ನಿಜದ ಏಣಿಯ ಮೆಟ್ಟಿಲು ಸುಮಾರು 19 ಮಿಲಿಮೀಟರ್ ದಪ್ಪ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು, ಅಂದರೆ 0.22 ಮಿಲಿಮೀಟರ್. ಹಳೆಯ ಕಿಟ್‌ಗಳಲ್ಲಿ ಏಣಿಯನ್ನು ಗೋಡೆಯ ಜೊತೆಗೇ ಅಚ್ಚು ಹಾಕುತ್ತಿದ್ದರು. ಅದರ ದಪ್ಪ ಅರ್ಧ ಮಿಲಿಮೀಟರ್ ಅಂದರೂ ನಿಜದಲ್ಲಿ ಮನುಷ್ಯನ ಮಣಿಕಟ್ಟಿನಷ್ಟು ಆಗುತ್ತದೆ. ಕೇಡೀ (Kadee) ಎಂಬ ಮಾದರಿ ಕಂಪನಿಯ ಪಿಎಸ್-1 ಕೈಯಲ್ಲಿ ಹಿಡಿದಾಗ ಜನ ಯಾಕೆ ಸುಮ್ಮನಾಗುತ್ತಾರೆ ಅಂದರೆ ಇದಕ್ಕೇ. ಏಣಿ ಬಿಡಿಯಾಗಿ ಅಂಟಿಸಿದ್ದು, ಹಿಂದೆ ಬೆಳಕು ಕಾಣುತ್ತದೆ. ಹಾಗಂತ ಅಥರ್ನ್ ಕಂಪನಿಯ ನೀಲಿ ಡಬ್ಬದ ಹಳೆಯ ಕಿಟ್‌ಗಳನ್ನು ಕೀಳಾಗಿ ಕಾಣಬೇಡಿ. ಗಾಡಿಯ ನಡುವೆ ಓಡಲಿ. ಕಣ್ಣು ನಿಲ್ಲುವುದು ಮೊದಲ ಎರಡು, ಕೊನೆಯ ಎರಡು ಡಬ್ಬಿಯ ಮೇಲೆ.

ಓಡುವ ವಿಷಯ ನೀವು ಕೇಳಿಲ್ಲ, ಬೇಗ ಮುಗಿಸುತ್ತೇನೆ. ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಹೇಳುವ ತೂಕ ಎಚ್‌ಒಗೆ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 40 ಅಡಿಯ ಡಬ್ಬಿಗೆ ಅದು 105ರಿಂದ 110 ಗ್ರಾಂ. ಡಬ್ಬಿಗಳನ್ನು ಜೋಡಿಸುವ ಕಪ್ಲರ್‌ನ ನಡುಮಟ್ಟ ಹಳಿಯ ಮೇಲಿಂದ ಸುಮಾರು 10 ಮಿಲಿಮೀಟರ್. ಒಂದು ಟ್ರಕ್‌ನ ಸ್ಕ್ರೂ ಬಿಗಿಯಾಗಿರಲಿ, ತಿರುಗಬೇಕು ಆದರೆ ಪಕ್ಕಕ್ಕೆ ಅಲ್ಲಾಡಬಾರದು. ಇನ್ನೊಂದು ತುಸು ಸಡಿಲ. ಮೂರು ಕಾಲಿನ ಸ್ಟೂಲ್ ಕುಂಟುವುದಿಲ್ಲವಲ್ಲ, ಅದೇ ಲೆಕ್ಕ.

ಈಗ ಮೊದಲ ಪ್ರಶ್ನೆ. ಮೂರರಲ್ಲೇ ಆರಿಸಬೇಕು ಅಂದರೆ ಸಾಂತಾ ಫೆ. ಆದರೆ ನಾನಾಗಿದ್ದರೆ ನೀವು ಲೆಕ್ಕಕ್ಕೆ ಇಡದ ಆ ಸೆಕೆಂಡ್ ಹ್ಯಾಂಡ್ ಪಿಎಸ್-1 ಒಯ್ಯುತ್ತಿದ್ದೆ. ಬಾಗಿಲಿನ ಬಣ್ಣ ಬೇರೆ ಅಂದಿರಲ್ಲ? ಅದನ್ನು ಹಿಂದಿನ ಮಾಲೀಕ ಬೇಕೆಂದೇ ಮಾಡಿರಬೇಕು. ಜಾರುವ ಬಾಗಿಲು ಬಾಕ್ಸ್‌ಕಾರ್‌ನಲ್ಲಿ ಹೆಚ್ಚು ಏಟು ತಿನ್ನುವ ಭಾಗ. ಬಗ್ಗಿದರೆ ವರ್ಕ್‌ಶಾಪಿನಲ್ಲಿ ಕೈಗೆ ಸಿಕ್ಕ ಇನ್ನೊಂದು ಬಾಗಿಲು ಹಾಕಿ ಕಳಿಸುತ್ತಿದ್ದರು, ಬಣ್ಣ ನೋಡುತ್ತಿರಲಿಲ್ಲ. ನಿಮ್ಮ ಡಬ್ಬಿಯ ಹಿಂದಿನ ಮಾಲೀಕನಿಗೆ ಇದು ಗೊತ್ತಿದ್ದಿರಬೇಕು. ಭೂತಗನ್ನಡಿ ತಗೊಂಡು ಆ ಡಬ್ಬಿಯನ್ನು ಇನ್ನೊಮ್ಮೆ ನೋಡಿ. ಬಾಗಿಲು ಯಂಗ್ಸ್‌ಟೌನೋ ಸುಪೀರಿಯರೋ? ಗೋಡೆಯ ಮೇಲಿನ ತೂಕದ ತಾರೀಖು ಬದಲಾಗಿದೆಯಾ? ಛಾವಣಿಯಲ್ಲಿ ಬೋ ಟೈ ಇದೆಯಾ? ಕೆಳಗೆ ತಿರುಗಿಸಿ, ಬ್ರೇಕಿನ ಸಿಲಿಂಡರ್, ಗಾಳಿ ಟ್ಯಾಂಕ್, ವಾಲ್ವ್ ಮೂರೂ ಬೇರೆ ಬೇರೆ ಜಾಗದಲ್ಲಿ ಇದ್ದರೆ ಅದು ಎಬಿ ಬ್ರೇಕ್. 1933ರಿಂದ ಹೊಸ ಡಬ್ಬಿಗಳಿಗೆಲ್ಲ ಅದೇ ಕಡ್ಡಾಯ. ಅವುಗಳ ನಡುವೆ ತಂತಿಯ ಪೈಪ್ ಕೂಡ ಎಳೆದಿದ್ದರೆ ನಿಮಗೆ ಸಿಕ್ಕಿರುವುದು ತುಂಬಾ ಶ್ರದ್ಧೆಯಿಂದ ಕಟ್ಟಿದ ಡಬ್ಬಿ.

ಮೇಜಿನ ಮೇಲೆ ಇಡುವಾಗ ಏನೂ ಹೇಳಬೇಡಿ. ಬೇರೆ ಬಣ್ಣದ ಬಾಗಿಲು ಅವರ ಕಡೆ ಇರುವ ಹಾಗೆ ಇಡಿ. 'ಈ ಬಾಗಿಲು ಯಾಕೆ ಹೀಗೆ?' ಅಂತ ಯಾರಾದರೂ ಕೇಳುತ್ತಾರೆ. ಆಗ ಶುರು ಮಾಡಿ. ಹಳದಿ ರೈಲ್‌ಬಾಕ್ಸನ್ನೂ ಚೀಲದಲ್ಲಿ ಇಟ್ಟುಕೊಂಡಿರಿ. 1970ರ ದಶಕದ ಲೇಔಟ್ ಇರುವವರು ಯಾರಾದರೂ ಬಂದಿದ್ದರೆ ಒಂದು ಕಂದು ಎಕ್ಸ್29ಕ್ಕೆ ಬದಲು ಕೊಟ್ಟು ಬನ್ನಿ.